ಚೆನ್ನೈಯಿಂದ ಲಂಡನ್ನಿಗೆ: ಆಕಾಶಮಾರ್ಗದ ದೂರ ಮತ್ತು ಹೊತ್ತಿನ ಲೆಕ್ಕ

ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ಅಚ್ಚಾಗಿರುತ್ತವೆ. ಎರಡು ಊರುಗಳ ನಡುವಿನ ದೂರ ಮಾತ್ರ ಅಲ್ಲಿ ಕಾಣಸಿಗುವುದು ಅಪರೂಪ. ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಗುತ್ತದೆ ಎಂಬ ಶಾಲೆಯ ಲೆಕ್ಕವನ್ನು ಆಕಾಶಯಾನಕ್ಕೂ ಅನ್ವಯಿಸಿ ನೋಡಿದವರಿಗೆ ಉತ್ತರ ತಾಳೆಯಾಗದೆ ಗೊಂದಲವಾಗುವುದು ಸಹಜ. ಚೆನ್ನೈ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವೆ ನೇರವಾಗಿ ಅಳೆದರೆ ಸುಮಾರು 268 ಕಿ.ಮೀ. ಇದ್ದು, ಗಂಟೆಗೆ 850 ಕಿ.ಮೀ. ವೇಗದ ವಿಮಾನ ಆ ದೂರವನ್ನು 19 ನಿಮಿಷದಲ್ಲಿ ಮುಗಿಸಬೇಕು. ಆದರೆ ವೇಳಾಪಟ್ಟಿ ಒಂದು ಗಂಟೆಯ ಆಸುಪಾಸಿನ ಅವಧಿಯನ್ನು ತೋರಿಸುತ್ತದೆ. ಚೆನ್ನೈಯಿಂದ ಲಂಡನ್ನಿಗೆ ಹೋಗುವಾಗ ಹಿಡಿಯುವಷ್ಟು ಹೊತ್ತು ಅಲ್ಲಿಂದ ಮರಳುವಾಗ ಹಿಡಿಯುವುದಿಲ್ಲ. ಎರಡು ಊರುಗಳ ದೂರ ಭೂಮಿಯ ಆಕಾರಕ್ಕೆ ಸೇರಿದ ಸಂಗತಿಯಾದ್ದರಿಂದ ಅದನ್ನು ಒಮ್ಮೆ ಲೆಕ್ಕಹಾಕಿದರೆ ಮುಗಿಯಿತು. ಹಾರಾಟದ ಹೊತ್ತಾದರೋ ಗಾಳಿಗೂ ನೆಲದ ಮೇಲಿನ ವ್ಯವಸ್ಥೆಗೂ ದೇಶದೇಶಗಳ ನಡುವಿನ ಸಂಬಂಧಕ್ಕೂ ಸೇರಿದ್ದು, ಅದನ್ನು ಪ್ರತಿದಿನವೂ ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ.

ಈ ಎರಡು ಲೆಕ್ಕಗಳಲ್ಲಿ ಮೊದಲನೆಯದನ್ನು ವಿವರಿಸುವುದಕ್ಕೆ ಚೆನ್ನೈಗಿಂತ ತಕ್ಕ ಊರು ಭಾರತದಲ್ಲಿ ಸಿಗಲಾರದು. ಮೀನಂಬಾಕ್ಕಂ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ, ತಮಿಳರು ಪರಂಗಿಮಲೈ ಎಂದು ಕರೆಯುವ ಸೇಂಟ್ ಥಾಮಸ್ ಮೌಂಟ್ ಎಂಬ ಸಣ್ಣ ಗುಡ್ಡದ ಬಳಿ 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಒಂದು ಸರಳರೇಖೆಯನ್ನು ಅಳೆಯಲು ತೊಡಗಿದ. ಮುಂದೆ ಹಿಮಾಲಯದವರೆಗೂ ಬೆಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಮೊದಲ ಹೆಜ್ಜೆ ಅದು. ಲ್ಯಾಂಬ್ಟನ್ ಕನ್ನಡ ನಾಡಿಗೆ ಅಪರಿಚಿತನೇನೂ ಆಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಯುದ್ಧದಲ್ಲಿ ಅವನೂ ಇದ್ದ, ಮತ್ತು ರಾತ್ರಿಯ ಕತ್ತಲಲ್ಲಿ ತನ್ನ ಪಡೆ ತಪ್ಪು ದಿಕ್ಕಿಗೆ ಸಾಗುತ್ತಿರುವುದನ್ನು ನಕ್ಷತ್ರಗಳ ಸ್ಥಾನ ನೋಡಿ ಕಂಡುಹಿಡಿದನೆಂಬುದು ಸರ್ವೇಕ್ಷಣೆಯ ಇತಿಹಾಸದಲ್ಲಿ ದಾಖಲಾಗಿದೆ. ಮೈಸೂರು ರಾಜ್ಯ ಸೋತ ಮೇಲೆ ಕೋರಮಂಡಲ ತೀರದಿಂದ ಮಲಬಾರ್ ತೀರದವರೆಗೆ ಇಡೀ ಪರ್ಯಾಯ ದ್ವೀಪವನ್ನು ಅಳೆಯುವ ಯೋಜನೆಯನ್ನು ಅವನು ಮದರಾಸು ಸರ್ಕಾರದ ಮುಂದಿಟ್ಟ.

ಅವನ ಕೈಯಲ್ಲಿದ್ದದ್ದು 100 ಅಡಿ ಉದ್ದದ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ಬ್ರಿಟನ್ನಿನ ರಾಯಭಾರಿಗಳು ಒಯ್ದಿದ್ದು, ಅಲ್ಲಿ ಬೇಡವಾಗಿ ಕಲ್ಕತ್ತೆಗೆ ಬಂದ ಸರಪಳಿ ಅದು. ಪರಂಗಿಮಲೈಯಿಂದ ಪೆರುಂಬಾಕ್ಕಂ ಕಡೆಗೆ ಸುಮಾರು ಏಳೂವರೆ ಮೈಲಿ ಉದ್ದದ ರೇಖೆಯನ್ನು ಅಳೆಯಲು ಆ ಸರಪಳಿಯನ್ನು ನಾನೂರು ಸಲದಷ್ಟು ಹಾಸಬೇಕಾಯಿತು. ಪ್ರತಿ ಸಲವೂ ಅದನ್ನು ಮುಕ್ಕಾಲಿಗಳ ಮೇಲಿಟ್ಟ ಮರದ ದೋಣಿಗಳೊಳಗೆ ಮಲಗಿಸಿ, ಬಿಸಿಲು ತಾಗದಂತೆ ನೆರಳು ಮಾಡಿ, ಪಕ್ಕದಲ್ಲಿ ಉಷ್ಣಮಾಪಕವನ್ನಿಟ್ಟು, ಒಂದೊಂದು ಡಿಗ್ರಿ ಬಿಸಿಗೂ ಉಕ್ಕು ಎಷ್ಟು ಹಿಗ್ಗುತ್ತದೆಂಬುದನ್ನು ಇಂಚಿನ ಸಾವಿರದ ಭಾಗಗಳಲ್ಲಿ ಲೆಕ್ಕಹಾಕಿ ಸರಿದೂಗಿಸಲಾಗುತ್ತಿತ್ತು. ಚೆನ್ನೈಯ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ ಆ ಕೆಲಸದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ನೆಲದ ಮೇಲೆ ಸರಪಳಿ ಹಾಸಿ ಅಳೆದ ರೇಖೆಗೆ ಆಧಾರರೇಖೆ ಎಂದು ಹೆಸರು. ತ್ರಿಕೋನದ ಒಂದು ಭುಜದ ಉದ್ದ ಮತ್ತು ಅದರ ಎರಡು ತುದಿಗಳ ಕೋನಗಳು ತಿಳಿದರೆ ಉಳಿದೆರಡು ಭುಜಗಳನ್ನು ಅಳೆಯದೆಯೇ ಲೆಕ್ಕಹಾಕಬಹುದು. ಆ ಭುಜಗಳ ಮೇಲೆ ಮತ್ತೆ ಹೊಸ ತ್ರಿಕೋನಗಳನ್ನು ಕಟ್ಟುತ್ತ ಹೋದರೆ ಸರಪಳಿಯ ಸಹಾಯವಿಲ್ಲದೆ, ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸಿ ಕೋನ ಅಳೆಯುವ ಥಿಯೊಡೊಲೈಟ್ ಎಂಬ ಉಪಕರಣದಿಂದಲೇ ನೂರಾರು ಮೈಲಿ ಸಾಗಬಹುದು. ಲ್ಯಾಂಬ್ಟನ್ ಬಳಸಿದ ಥಿಯೊಡೊಲೈಟ್ ಅರ್ಧ ಟನ್ ತೂಗುತ್ತಿತ್ತು. ಮದರಾಸಿನಿಂದ ಹೊರಟ ತ್ರಿಕೋನಗಳ ಜಾಲ ಬೆಂಗಳೂರನ್ನು ಹಾದು, ಪಶ್ಚಿಮಘಟ್ಟದ ಬಲ್ಲಾಳರಾಯನದುರ್ಗ, ಕೊಡಗಿನ ತಡಿಯಂಡಮೋಳ್‌ನಂಥ ಶಿಖರಗಳನ್ನು ಬಳಸಿಕೊಂಡು ಕೆಲವೇ ವರ್ಷಗಳಲ್ಲಿ ಮಂಗಳೂರನ್ನು ಮುಟ್ಟಿತು. ನಡುವೆ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆಯನ್ನು ಸರಪಳಿಯಿಂದಲೇ ಅಳೆದು, ಮದರಾಸಿನಿಂದ ಬಂದ ತ್ರಿಕೋನಗಳ ಲೆಕ್ಕ ಹೇಳುವ ಉದ್ದದೊಂದಿಗೆ ಹೋಲಿಸಿದಾಗ, ಏಳು ಮೈಲಿಗೂ ಮಿಕ್ಕ ರೇಖೆಯಲ್ಲಿ ಕಂಡ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಹಳೆಯ ನಕ್ಷೆಗಳು ಮದರಾಸು ಮತ್ತು ಮಂಗಳೂರಿನ ನಡುವೆ 400 ಮೈಲಿ ಎಂದು ತೋರಿಸುತ್ತಿದ್ದ ಅಗಲ ನಿಜದಲ್ಲಿ ಸುಮಾರು 360 ಮೈಲಿ ಮಾತ್ರ ಎಂಬುದು ಈ ಸರ್ವೇಕ್ಷಣೆಯಿಂದ ಸ್ಪಷ್ಟವಾಯಿತು. ಇಂದು ಈ ಎರಡು ಊರುಗಳ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 572 ಕಿ.ಮೀ., ಅಂದರೆ 355 ಮೈಲಿ. ಎರಡೂ ನಿಲ್ದಾಣಗಳು ಕಡಲಿನಿಂದ ಕೊಂಚ ಒಳಗಿರುವುದರಿಂದ ತೀರದಿಂದ ತೀರಕ್ಕೆ ಇನ್ನು ಕೆಲವು ಮೈಲಿ ಸೇರುತ್ತವೆ. ಎತ್ತಿನ ಗಾಡಿಯ ಕಾಲದ ಅಳತೆ ಉಪಗ್ರಹದ ಕಾಲದ ಅಳತೆಗೆ ಇಷ್ಟು ಹತ್ತಿರ ಬರುವುದು ಸಣ್ಣ ಸಾಧನೆಯಲ್ಲ.

ಲ್ಯಾಂಬ್ಟನ್ನನ ಮನಸ್ಸಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದಿತ್ತು. ಭೂಮಿ ಧ್ರುವಗಳ ಕಡೆ ಎಷ್ಟು ಚಪ್ಪಟೆಯಾಗಿದೆ ಎಂಬುದನ್ನು ನಿರ್ಧರಿಸಬೇಕಾದರೆ ಒಂದು ಡಿಗ್ರಿ ಅಕ್ಷಾಂಶಕ್ಕೆ ನೆಲದ ಮೇಲೆ ಎಷ್ಟು ಉದ್ದವೆಂಬುದನ್ನು ಬೇರೆ ಬೇರೆ ಸ್ಥಳಗಳಲ್ಲಿ ಅಳೆಯಬೇಕು. ದಕ್ಷಿಣದಿಂದ ಉತ್ತರಕ್ಕೆ ಸಾಗಿದ ಅವನ ತ್ರಿಕೋನಗಳ ಸಾಲು ಅದಕ್ಕೆಂದೇ ರೂಪುಗೊಂಡದ್ದು. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಆ ಅಳತೆಗಳಿಂದ 1830ರಲ್ಲಿ ಕಟ್ಟಿದ ಭೂಮಿಯ ಮಾದರಿಯಲ್ಲಿ ವಿಷುವದ್ವೃತ್ತದ ತ್ರಿಜ್ಯ ಸುಮಾರು 6,377.3 ಕಿ.ಮೀ. ಇಂದು ಜಿಪಿಎಸ್ ವ್ಯವಸ್ಥೆ ಬಳಸುವ ಡಬ್ಲ್ಯುಜಿಎಸ್-84 ಎಂಬ ಮಾದರಿಯಲ್ಲಿ ಅದು 6,378.137 ಕಿ.ಮೀ.; ಎರಡರ ನಡುವೆ ಒಂದು ಕಿಲೋಮೀಟರಿನಷ್ಟೂ ಅಂತರವಿಲ್ಲ. ಧ್ರುವದ ಕಡೆಯ ತ್ರಿಜ್ಯ ಇದಕ್ಕಿಂತ ಸುಮಾರು 21 ಕಿ.ಮೀ. ಕಡಿಮೆ. ಜಗತ್ತಿನ ಎಲ್ಲ ವಿಮಾನ ನಿಲ್ದಾಣಗಳ ಸ್ಥಾನವನ್ನೂ ಈ ಒಂದೇ ಮಾದರಿಯಲ್ಲಿ ಹೇಳಬೇಕೆಂಬ ಅಂತರರಾಷ್ಟ್ರೀಯ ನಿಯಮ 1998ರ ಜನವರಿ 1ರಿಂದ ಜಾರಿಯಲ್ಲಿದೆ.

ಯಾವುದೇ ಎರಡು ಊರುಗಳ ದೂರ ತಿಳಿಯಲು ಬೇಕಾದ ಸಾಮಗ್ರಿ ನಾಲ್ಕೇ ಸಂಖ್ಯೆಗಳು: ಎರಡೂ ಊರುಗಳ ಅಕ್ಷಾಂಶ ಮತ್ತು ರೇಖಾಂಶ. ಅಕ್ಷಾಂಶವೆಂದರೆ ಒಂದು ಸ್ಥಳ ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ದೂರದಲ್ಲಿದೆ ಎಂಬುದು. ರೇಖಾಂಶವೆಂದರೆ ಲಂಡನ್ನಿನ ಗ್ರೀನಿಚ್‌ನಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಡಿಗ್ರಿ ಎಂಬುದು. ಅಕ್ಷಾಂಶವನ್ನು ನಕ್ಷತ್ರ ನೋಡಿ ಕಂಡುಕೊಳ್ಳುವುದು ಸುಲಭ. ರೇಖಾಂಶಕ್ಕೆ ನಂಬಿಕಸ್ತ ಗಡಿಯಾರ ಬೇಕು. 1792ರಲ್ಲಿ ನುಂಗಂಬಾಕ್ಕಂನಲ್ಲಿ ಆರಂಭವಾದ ಮದರಾಸು ವೀಕ್ಷಣಾಲಯದ ರೇಖಾಂಶವನ್ನೇ ಭಾರತದ ಸರ್ವೇಕ್ಷಣೆ ಮೂಲವಾಗಿ ಇಟ್ಟುಕೊಂಡಿತ್ತು. ಟೆಲಿಗ್ರಾಫ್ ಬಂದು ಕಾಲವನ್ನು ಖಂಡಗಳಾಚೆ ಹೋಲಿಸುವುದು ಸಾಧ್ಯವಾದ ಮೇಲೆ ಆ ಮೂಲದಲ್ಲೇ ಡಿಗ್ರಿಯ ಅರುವತ್ತರಲ್ಲಿ ಎರಡೂವರೆ ಭಾಗದಷ್ಟು, ನೆಲದ ಮೇಲೆ ನಾಲ್ಕು ಕಿಲೋಮೀಟರಿಗೂ ಹೆಚ್ಚಿನ ದೋಷವಿರುವುದು ಗೊತ್ತಾಯಿತು. ಆದರೂ ಮದರಾಸು ಮತ್ತು ಮಂಗಳೂರಿನ ನಡುವಿನ ದೂರ ಕೆಡಲಿಲ್ಲ, ಏಕೆಂದರೆ ನಕ್ಷೆಯಲ್ಲಿ ಎರಡೂ ಊರುಗಳು ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಸರಿದಿದ್ದವು. ಕೆಟ್ಟದ್ದು ಮದರಾಸಿನಿಂದ ಲಂಡನ್ನಿನ ದೂರ.

ಸಮತಲವಾದ ಹಾಳೆಯ ಮೇಲೆ ಎರಡು ಬಿಂದುಗಳನ್ನು ಸೇರಿಸುವ ಅತಿ ಹತ್ತಿರದ ದಾರಿ ಸರಳರೇಖೆ. ಗೋಳದ ಮೇಲೆ ಅದು ಮಹಾವೃತ್ತದ ಒಂದು ತುಣುಕು. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿಸಿಕೊಂಡ, ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವೇ ಮಹಾವೃತ್ತ. ಎರಡು ಊರುಗಳನ್ನು ಭೂಕೇಂದ್ರಕ್ಕೆ ಸೇರಿಸಿದರೆ ಅಲ್ಲಿ ಒಂದು ಕೋನ ಉಂಟಾಗುತ್ತದೆ, ಆ ಕೋನ ತಿಳಿದರೆ ದೂರ ತಿಳಿದಂತೆಯೇ. ಕೋನವನ್ನು ಕಂಡುಹಿಡಿಯುವ ಸೂತ್ರ ಪ್ರೌಢಶಾಲೆಯ ತ್ರಿಕೋನಮಿತಿ ಕಲಿತವರಿಗೆ ಎಟುಕುವಂಥದು: ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ, ಅದಕ್ಕೆ ಎರಡು ಅಕ್ಷಾಂಶಗಳ ಕೊಸೈನ್‌ಗಳು ಮತ್ತು ರೇಖಾಂಶಗಳ ವ್ಯತ್ಯಾಸದ ಕೊಸೈನ್ ಈ ಮೂರರ ಗುಣಲಬ್ಧವನ್ನು ಕೂಡಿಸಿದರೆ ಬರುವುದು ಬೇಕಾದ ಕೋನದ ಕೊಸೈನ್.

ಚೆನ್ನೈ ವಿಮಾನ ನಿಲ್ದಾಣ 12.99 ಡಿಗ್ರಿ ಉತ್ತರ ಅಕ್ಷಾಂಶ, 80.17 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಲಂಡನ್ನಿನ ಹೀಥ್ರೋ 51.47 ಡಿಗ್ರಿ ಉತ್ತರ, 0.45 ಡಿಗ್ರಿ ಪಶ್ಚಿಮದಲ್ಲಿದೆ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಿಸಬೇಕು, ವ್ಯತ್ಯಾಸ 80.62 ಡಿಗ್ರಿ. ಅಕ್ಷಾಂಶಗಳ ಸೈನ್‌ಗಳು 0.2248 ಮತ್ತು 0.7823, ಅವುಗಳ ಗುಣಲಬ್ಧ 0.1758. ಕೊಸೈನ್‌ಗಳು 0.9744, 0.6229 ಮತ್ತು 0.1630, ಮೂರರ ಗುಣಲಬ್ಧ 0.0989. ಎರಡನ್ನೂ ಕೂಡಿಸಿದರೆ 0.2747, ಇಷ್ಟು ಕೊಸೈನ್ ಇರುವ ಕೋನ 74.05 ಡಿಗ್ರಿ. ಭೂಮಿಯ ಮೇಲೆ ಮಹಾವೃತ್ತದ ಒಂದು ಡಿಗ್ರಿಗೆ ಸರಾಸರಿ 111.2 ಕಿ.ಮೀ. ಆದ್ದರಿಂದ ದೂರ ಸುಮಾರು 8,230 ಕಿ.ಮೀ. ನಾವಿಕರೂ ವಿಮಾನ ಚಾಲಕರೂ ನಾಟಿಕಲ್ ಮೈಲಿಯನ್ನು ಬಿಡದಿರುವುದಕ್ಕೆ ಕಾರಣವೂ ಇಲ್ಲಿದೆ: ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕೆ ಒಂದು ನಾಟಿಕಲ್ ಮೈಲಿ, ಹಾಗಾಗಿ 74.05ನ್ನು 60ರಿಂದ ಗುಣಿಸಿದೊಡನೆ 4,443 ನಾಟಿಕಲ್ ಮೈಲಿ ಎಂಬ ಉತ್ತರ ಕೈಗೆ ಬರುತ್ತದೆ.

ಊರುಗಳು ತೀರ ಹತ್ತಿರವಿದ್ದಾಗ ಈ ಸೂತ್ರದಲ್ಲಿ ಕೊಸೈನ್ ಒಂದಕ್ಕೆ ಅಂಟಿಕೊಂಡು ನಿಖರತೆ ಕೆಡುವುದರಿಂದ ಹ್ಯಾವರ್‌ಸೈನ್ ಎಂಬ ಬೇರೆ ರೂಪವನ್ನು ಬಳಸುತ್ತಾರೆ. ಭೂಮಿ ಪೂರ್ಣ ಗೋಳವಲ್ಲವಾದ್ದರಿಂದ ಗೋಳದ ಲೆಕ್ಕದಲ್ಲಿ ನೂರಕ್ಕೆ ಅರ್ಧದಷ್ಟು ದೋಷ ನುಸುಳಬಹುದು. ಅದನ್ನೂ ನಿವಾರಿಸಬೇಕೆಂದರೆ ಥಡ್ಡಿಯಸ್ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದ ವಿಧಾನವಿದೆ. ಸಾಮಾನ್ಯ ಓದುಗರಿಗೆ ಇವೆರಡೂ ಬೇಕಾಗುವುದಿಲ್ಲ.

ಮಹಾವೃತ್ತದ ದಾರಿ ನಕ್ಷೆ ನೋಡಿ ಊಹಿಸಿದ ದಾರಿಗಿಂತ ಬೇರೆಯೇ ಆಗಿರುತ್ತದೆ. ಗೋಡೆಯ ಮೇಲೆ ತೂಗುಹಾಕಿದ ಮರ್ಕೇಟರ್ ಮಾದರಿಯ ನಕ್ಷೆಯಲ್ಲಿ ಚೆನ್ನೈ ಮತ್ತು ಲಂಡನ್ನಿನ ನಡುವೆ ಅಡಿಪಟ್ಟಿಯಿಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರವನ್ನು ದಾಟಿ, ಇರಾಕ್ ಮತ್ತು ತುರ್ಕಿಯ ಮೇಲೆ ಹಾದು ಲಂಡನ್ನನ್ನು ಸೇರುತ್ತದೆ. ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗುವ ಆ ದಾರಿಯ ಉದ್ದ ಸುಮಾರು 8,480 ಕಿ.ಮೀ., ಅಂದರೆ 250 ಕಿ.ಮೀ.ಯಷ್ಟು ಸುತ್ತು. ಶಾಲೆಯ ಭೂಗೋಳವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರ ಬಿಗಿದರೆ ಬೇರೆ ಹಾದಿ ಕಾಣಿಸುತ್ತದೆ. ಚೆನ್ನೈಯಿಂದ ವಾಯವ್ಯಕ್ಕಿಂತ ತುಸು ಉತ್ತರಕ್ಕೆ ವಾಲಿ ಹೊರಡುವ ಆ ದಾರಿ ರಾಯಲಸೀಮೆಯನ್ನು ದಾಟಿ, ಹೆಚ್ಚುಕಡಿಮೆ ರಾಯಚೂರಿನ ನೆತ್ತಿಯ ಮೇಲೆಯೇ ಹಾದು, ಯಾದಗಿರಿ ಜಿಲ್ಲೆಯ ಶಹಾಪುರದ ಪಕ್ಕದಲ್ಲಿ ಸಾಗಿ, ದಕ್ಷಿಣ ಗುಜರಾತ್, ಸಿಂಧ್, ಬಲೂಚಿಸ್ತಾನ, ಪೂರ್ವ ಇರಾನ್, ಕ್ಯಾಸ್ಪಿಯನ್ ಸಮುದ್ರ, ಉಕ್ರೇನ್, ಪೋಲೆಂಡ್‌ಗಳ ಮೂಲಕ ಲಂಡನ್ನನ್ನು ತಲುಪುತ್ತದೆ. ಕಲ್ಯಾಣ ಕರ್ನಾಟಕದ ಈ ಎರಡು ಊರುಗಳು ಚೆನ್ನೈ–ಲಂಡನ್ ದಾರಿಯಲ್ಲಿವೆ ಎಂಬುದು ಅಡಿಪಟ್ಟಿ ಹಿಡಿದವರಿಗೆ ಎಂದೂ ಹೊಳೆಯಲಾರದು.

ಹತ್ತಿರದ ಊರುಗಳ ವಿಷಯದಲ್ಲಿ ಈ ಬಾಗು ಗಣನೆಗೆ ಬರುವುದಿಲ್ಲ. ಅಲ್ಲಿ ನಕ್ಷೆಯ ಗೆರೆಯೇ ಸಾಕು. ಟಾಟಾ ಸಂಸ್ಥೆಯ ಮೊದಲ ವಿಮಾನ ಅಂಚೆಯ ದಾರಿ ಇದಕ್ಕೆ ಒಳ್ಳೆಯ ನಿದರ್ಶನ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬೈಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಬಳ್ಳಾರಿಯಲ್ಲಿ ಇಳಿದು ಹೋಗುವುದು ಸುತ್ತುದಾರಿಯೆಂದು ತೋರಬಹುದು. ಆದರೆ ಲೆಕ್ಕಹಾಕಿದರೆ ಜುಹುವಿನಿಂದ ಬಳ್ಳಾರಿಗೆ ಸುಮಾರು 614 ಕಿ.ಮೀ., ಬಳ್ಳಾರಿಯಿಂದ ಚೆನ್ನೈಗೆ 429 ಕಿ.ಮೀ., ಒಟ್ಟು 1,043 ಕಿ.ಮೀ.; ಎಲ್ಲೂ ಇಳಿಯದೆ ನೇರ ಹೋದರೆ 1,037 ಕಿ.ಮೀ. ಮುಂಬೈ–ಮದರಾಸು ರೇಖೆಯ ಮೇಲೆಯೇ ಕುಳಿತಂತಿರುವ ಬಳ್ಳಾರಿಯಲ್ಲಿ ಇಳಿದದ್ದರಿಂದ ಸೇರಿದ ಸುತ್ತು ಐದಾರು ಕಿಲೋಮೀಟರ್ ಮಾತ್ರ. ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗದ ಆ ವಿಮಾನಕ್ಕೆ ಮುಂಬೈಯಿಂದ ಮದರಾಸಿಗೆ ಗಾಳಿಯಲ್ಲೇ ಆರೂವರೆ ಗಂಟೆ ಬೇಕಾಗುತ್ತಿತ್ತು.

ಇನ್ನು ಹೊತ್ತಿನ ಲೆಕ್ಕ. ದೊಡ್ಡ ಜೆಟ್ ವಿಮಾನಗಳ ವೇಗವನ್ನು ಮ್ಯಾಕ್ ಎಂಬ ಅಳತೆಯಲ್ಲಿ, ಅಂದರೆ ಶಬ್ದದ ವೇಗದ ಎಷ್ಟು ಪಾಲು ಎಂದು ಹೇಳುತ್ತಾರೆ. ಹನ್ನೊಂದು ಕಿಲೋಮೀಟರ್ ಎತ್ತರದ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ.ಗೆ ಇಳಿಯುತ್ತದೆ, ಬೋಯಿಂಗ್ 787ರಂಥ ವಿಮಾನ ಅದರ 0.85ರಷ್ಟು ವೇಗದಲ್ಲಿ, ಅಂದರೆ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಆದರೆ ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಗಾಳಿಯೇ ಚಲಿಸುತ್ತಿದ್ದರೆ ನೆಲಕ್ಕೆ ಹೋಲಿಸಿದ ವೇಗ ಬೇರೆಯಾಗುತ್ತದೆ, ಮತ್ತು ಊರು ತಲುಪಿಸುವುದು ನೆಲಕ್ಕೆ ಹೋಲಿಸಿದ ವೇಗವೇ.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಲಾಭವಾಗಬೇಕಲ್ಲವೇ ಎಂಬ ಪ್ರಶ್ನೆ ಬಹಳ ಮಂದಿಗೆ ಏಳುತ್ತದೆ. ಚೆನ್ನೈಯ ನೆಲ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವುದು ನಿಜವಾದರೂ ಅದರೊಂದಿಗೆ ವಾತಾವರಣವೂ, ನಿಲ್ದಾಣದಲ್ಲಿ ನಿಂತ ವಿಮಾನವೂ ಅಷ್ಟೇ ವೇಗದಲ್ಲಿ ತಿರುಗುತ್ತಿರುತ್ತವೆ. ಆದ್ದರಿಂದ ನೇರ ಲಾಭ ಏನೂ ಇಲ್ಲ. ಭೂಮಿಯ ತಿರುಗುವಿಕೆ ಹಾರಾಟವನ್ನು ಮುಟ್ಟುವುದು ಬಳಸುದಾರಿಯಲ್ಲಿ, ಮೇಲ್ಗಾಳಿಗಳ ದಿಕ್ಕನ್ನು ರೂಪಿಸುವ ಮೂಲಕ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಹತ್ತು–ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ 150ರಿಂದ 200 ಕಿ.ಮೀ. ವೇಗದಲ್ಲಿ ಬೀಸುವ ಗಾಳಿಯ ಹೊಳೆಗೆ ಜೆಟ್ ಪ್ರವಾಹ ಎಂದು ಹೆಸರು. ಯುರೋಪಿಗೆ ಹೋಗುವ ವಿಮಾನಕ್ಕೆ ಅದು ಎದುರುಗಾಳಿ, ಬರುವ ವಿಮಾನಕ್ಕೆ ಬೆನ್ನುಗಾಳಿ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣದ ಚಿತ್ರ ತಿರುವುಮುರುವಾಗುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಚೆನ್ನೈಯ ಅಕ್ಷಾಂಶದ ಮೇಲೆಯೇ, ಹದಿನಾಲ್ಕು–ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಉಷ್ಣವಲಯದ ಪೂರ್ವ ಜೆಟ್ ಬೀಸುತ್ತದೆ. 1950ರ ದಶಕದಲ್ಲಿ ಇದನ್ನು ಗುರುತಿಸಿ ವಿವರಿಸಿದವರು ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಅದರ ನಡುಭಾಗ ವಿಮಾನಗಳ ಎತ್ತರಕ್ಕಿಂತ ಮೇಲಿದ್ದರೂ ಅಂಚು ಕೆಳಗಿನವರೆಗೂ ಚಾಚುವುದರಿಂದ ಜುಲೈಯಲ್ಲಿ ಚೆನ್ನೈಯಿಂದ ಕೊಲ್ಲಿ ದೇಶಗಳಿಗೆ ಹೊರಟ ವಿಮಾನಕ್ಕೆ ಪಶ್ಚಿಮದ ಪ್ರಯಾಣದಲ್ಲೂ ಬೆನ್ನುಗಾಳಿ ಸಿಗುತ್ತದೆ.

ಗಾಳಿಯ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. 8,230 ಕಿ.ಮೀ. ದಾರಿಯಲ್ಲಿ ಸರಾಸರಿ ಗಂಟೆಗೆ 60 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ವೇಗ 840 ಕಿ.ಮೀ.ಗೆ ಇಳಿದು 9 ಗಂಟೆ 48 ನಿಮಿಷ ಹಿಡಿಯುತ್ತದೆ. ಅದೇ ಬೆನ್ನುಗಾಳಿಯಾದರೆ ವೇಗ 960 ಕಿ.ಮೀ.ಗೆ ಏರಿ 8 ಗಂಟೆ 34 ನಿಮಿಷ ಸಾಕು. ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಮರಳುತ್ತದೆಂದು ಭಾವಿಸುವವರಿಗೆ ಒಂದು ಅಚ್ಚರಿ ಕಾದಿದೆ: ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 18 ಗಂಟೆ 17 ನಿಮಿಷ, ಗಾಳಿಯಿದ್ದಾಗ 18 ಗಂಟೆ 22 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು. ಅದರಿಂದಲೇ ಈ ನಷ್ಟ.

ಟಿಕೆಟ್ಟಿನಲ್ಲಿರುವ ಅವಧಿ ಹಾರಾಟದ್ದಷ್ಟೇ ಅಲ್ಲ. ವಿಮಾನದ ಚಕ್ರಗಳಿಗೆ ಕೊಟ್ಟ ತಡೆಯನ್ನು ತೆಗೆದು ಅದು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಮತ್ತೆ ತಡೆ ಕೊಡುವವರೆಗಿನ ಹೊತ್ತಿಗೆ ಬ್ಲಾಕ್ ಟೈಮ್ ಎನ್ನುತ್ತಾರೆ, ವೇಳಾಪಟ್ಟಿಯಲ್ಲಿರುವುದು ಅದು. ರನ್‌ವೇವರೆಗೆ ಉರುಳುವುದು, ಸರದಿಗಾಗಿ ಕಾಯುವುದು, ಏರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಚೆನ್ನೈಯ ಮುಖ್ಯ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದ್ದು, ವಿಮಾನಗಳು ಗಾಳಿಗೆ ಎದುರಾಗಿ ಏರಬೇಕಾದ್ದರಿಂದ ಈಶಾನ್ಯ ಮಾರುತದ ತಿಂಗಳುಗಳಲ್ಲಿ ಲಂಡನ್ನಿನ ವಿಮಾನವೂ ಮೊದಲು ಬಂಗಾಳ ಕೊಲ್ಲಿಯ ಕಡೆಗೆ ಏರಿ, ಆಮೇಲೆ ಪಶ್ಚಿಮಕ್ಕೆ ಹೊರಳುತ್ತದೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮೀರುವಂತಿಲ್ಲ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಬೇಕೆಂಬುದು ಚಾಲಕರ ಬಾಯಿಲೆಕ್ಕ. ಆ ಪ್ರಕಾರ 35,000 ಅಡಿಯಿಂದ ಇಳಿಯಲು ಸುಮಾರು 195 ಕಿ.ಮೀ. ಮೊದಲೇ ಆರಂಭಿಸಬೇಕು. 268 ಕಿ.ಮೀ. ದೂರದ ಬೆಂಗಳೂರಿಗೆ ಹೊರಟ ವಿಮಾನಕ್ಕೆ ಅಷ್ಟು ಎತ್ತರ ಮುಟ್ಟುವ ಅವಕಾಶವೇ ಇಲ್ಲ; ಏರಿ ಮುಗಿಯುತ್ತಿದ್ದಂತೆ ಇಳಿಯುವ ಕೆಲಸ ಶುರುವಾಗುವುದರಿಂದ 19 ನಿಮಿಷದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ದೂರದ ಪ್ರಯಾಣದಲ್ಲಿ ಈ ಹೆಚ್ಚುವರಿ ಹೊತ್ತು ಅರ್ಧ ಗಂಟೆಗೂ ಸ್ವಲ್ಪ ಮೇಲೆ ಇರುವುದರಿಂದ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ.

ಮಹಾವೃತ್ತದ ಮೇಲೆಯೇ ಹಾರುವ ಸ್ವಾತಂತ್ರ್ಯವೂ ವಿಮಾನಕ್ಕಿಲ್ಲ. ಆಕಾಶವನ್ನು ಹಾರಾಟ ಮಾಹಿತಿ ವಲಯಗಳೆಂದು ಹಂಚಲಾಗಿದ್ದು, ಭಾರತದಲ್ಲಿ ಅಂಥ ನಾಲ್ಕು ಮುಖ್ಯ ವಲಯಗಳ ಕೇಂದ್ರಗಳು ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ಚೆನ್ನೈ. ದಕ್ಷಿಣ ಭಾರತದ ಬಹುಭಾಗದ ಆಕಾಶ ಚೆನ್ನೈ ವಲಯಕ್ಕೆ ಸೇರಿದೆ. ಗೊತ್ತುಪಡಿಸಿದ ಬಿಂದುಗಳನ್ನು ಸೇರಿಸುವ ದಾರಿಗಳಲ್ಲಿ, ಒಂದು ವಲಯದ ನಿಯಂತ್ರಕರು ಮುಂದಿನ ವಲಯಕ್ಕೆ ಒಪ್ಪಿಸುತ್ತ ಹೋದಂತೆ ವಿಮಾನ ಸಾಗುತ್ತದೆ. ಯಾವ ದೇಶವಾದರೂ ತನ್ನ ಆಕಾಶವನ್ನು ಮುಚ್ಚಿದರೆ ಗಣಿತ ಹೇಳಿದ ದಾರಿ ಅಲ್ಲಿಗೆ ಕಡಿದುಹೋಗುತ್ತದೆ. 2019ರ ಫೆಬ್ರವರಿ ಕೊನೆಯಿಂದ ಜುಲೈ ನಡುವಿನವರೆಗೆ ಪಾಕಿಸ್ತಾನದ ಆಕಾಶ ಭಾರತದ ವಿಮಾನಗಳಿಗೆ ಬಹುಪಾಲು ಮುಚ್ಚಿತ್ತು, 2025ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿತು. 2022ರ ಫೆಬ್ರವರಿ 24ರಂದು ಯುದ್ಧ ಆರಂಭವಾದಂದಿನಿಂದ ಉಕ್ರೇನಿನ ಆಕಾಶದಲ್ಲಿ ನಾಗರಿಕ ವಿಮಾನಗಳಿಲ್ಲ. ಚೆನ್ನೈ–ಲಂಡನ್ ಮಹಾವೃತ್ತ ಹಾದುಹೋಗುವುದು ಈ ಎರಡೂ ದೇಶಗಳ ಮೇಲೆ. ಪರಿಣಾಮವಾಗಿ ವಿಮಾನಗಳು ದಕ್ಷಿಣಕ್ಕೆ ಸರಿದು, ಅರಬ್ಬಿ ಸಮುದ್ರ, ಪಶ್ಚಿಮ ಏಷ್ಯಾ, ತುರ್ಕಿಗಳ ದಾರಿಯನ್ನು, ಅಂದರೆ ಅಡಿಪಟ್ಟಿಯಿಂದ ಎಳೆದ ಆ ‘ತಪ್ಪು’ ಗೆರೆಗೆ ಹತ್ತಿರದ ದಾರಿಯನ್ನೇ ಹಿಡಿಯಬೇಕಾಗಿದೆ. ಸುತ್ತು ಸೇರಿ ದಾರಿ 8,700 ಕಿ.ಮೀ. ಆಯಿತೆಂದೂ ಎದುರುಗಾಳಿಯಿಂದ ನೆಲದ ವೇಗ 840 ಕಿ.ಮೀ. ಎಂದೂ ಹಿಡಿದರೆ 10 ಗಂಟೆ 21 ನಿಮಿಷವಾಗುತ್ತದೆ. ನೆಲದ ಮೇಲಿನ ಓಡಾಟ ಮತ್ತು ಏರಿಳಿತದ ಹೊತ್ತನ್ನು ಕೂಡಿಸಿದರೆ ಹನ್ನೊಂದು ಗಂಟೆಯ ಆಸುಪಾಸಿಗೆ ಬಂದು, ಲೆಕ್ಕಕ್ಕೂ ಟಿಕೆಟ್ಟಿಗೂ ಕೊನೆಗೆ ತಾಳೆ ಕುದುರುತ್ತದೆ.

ಅತಿ ಹತ್ತಿರದ ದಾರಿಯನ್ನು ಕೆಲವೊಮ್ಮೆ ಬೇಕೆಂದೇ ಬಿಡುವುದೂ ಉಂಟು. ಕನ್ನಡ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಿಂದ ಬೆಂಗಳೂರಿಗೆ ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನಾಯಕತ್ವದಲ್ಲಿ ಮಹಿಳೆಯರೇ ನಡೆಸಿದ ಮೊದಲ ಹಾರಾಟ ಉತ್ತರ ಧ್ರುವದ ದಾರಿಯಲ್ಲಿ ಬಂದದ್ದು ಆಗ ದೊಡ್ಡ ಸುದ್ದಿಯಾಯಿತು. ಧ್ರುವದ ದಾರಿಯೇ ಅತಿ ಹತ್ತಿರದ್ದೆಂದು ಬಹುಮಂದಿ ನಂಬಿದರೂ ಲೆಕ್ಕ ಬೇರೆಯೇ ಹೇಳುತ್ತದೆ. ಎರಡು ನಿಲ್ದಾಣಗಳ ನಡುವಿನ ಮಹಾವೃತ್ತದ ದೂರ ಸುಮಾರು 13,990 ಕಿ.ಮೀ.; ಅಲಾಸ್ಕಾ, ಸೈಬೀರಿಯಾಗಳ ಕಡೆಯಿಂದ ಬರುವ ಆ ದಾರಿ 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ ಬಾಗುತ್ತದೆಯೇ ಹೊರತು ಧ್ರುವವನ್ನು ಮುಟ್ಟುವುದಿಲ್ಲ. ಸರಿಯಾಗಿ ಧ್ರುವದ ಮೇಲೆ ಹಾದರೆ 14,360 ಕಿ.ಮೀ. ಆಗುತ್ತದೆ, ಅಂದರೆ 370 ಕಿ.ಮೀ. ಹೆಚ್ಚು. ಪೆಸಿಫಿಕ್ ಕಡೆಯಿಂದ ಪಶ್ಚಿಮಾಭಿಮುಖವಾಗಿ ಬಂದರೆ ಎದುರಾಗುವ ಜೆಟ್ ಪ್ರವಾಹವನ್ನು ತಪ್ಪಿಸಿಕೊಳ್ಳುವುದರಿಂದ ದೂರದಲ್ಲಿ ಸೋತರೂ ಹೊತ್ತು ಮತ್ತು ಇಂಧನದಲ್ಲಿ ಗೆಲ್ಲಬಹುದೆಂಬುದು ದಾರಿ ಗೊತ್ತುಮಾಡುವವರ ಎಣಿಕೆ.

ಹೊರಟ ಮತ್ತು ತಲುಪಿದ ಹೊತ್ತುಗಳೆರಡೂ ಆಯಾ ಊರಿನ ಗಡಿಯಾರದವಾದ್ದರಿಂದ ಅವುಗಳನ್ನು ಹಾಗೆಯೇ ಕಳೆದರೆ ಅವಧಿ ಸಿಗುವುದಿಲ್ಲ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯನ ಕಾಲ ಬದಲಾಗುತ್ತದೆ. ರೈಲ್ವೆಗಳು ದೇಶದುದ್ದಕ್ಕೂ ಬಳಸುತ್ತಿದ್ದ ಮದರಾಸು ಕಾಲ, ವೀಕ್ಷಣಾಲಯದ ರೇಖಾಂಶಕ್ಕೆ ಈ ಲೆಕ್ಕ ಹಾಕಿದಂತೆ, ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿತ್ತು. 1906ರ ಜನವರಿ 1ರಿಂದ 82.5 ಡಿಗ್ರಿ ರೇಖಾಂಶದ ಭಾರತೀಯ ಕಾಲ ಜಾರಿಗೆ ಬಂದು ಅದು 5 ಗಂಟೆ 30 ನಿಮಿಷವಾಯಿತು. ಚೆನ್ನೈಯಿಂದ ಬೆಳಗ್ಗೆ 6ಕ್ಕೆ ಹೊರಟ ವಿಮಾನ ಲಂಡನ್ನಿನ ಗಡಿಯಾರದಲ್ಲಿ 11.30ಕ್ಕೆ ತಲುಪುತ್ತದೆಂದು ಬರೆದಿದ್ದರೆ, ಕಾಣುವ ಐದೂವರೆ ಗಂಟೆಗೆ ಕಾಲವಲಯದ ಐದೂವರೆ ಗಂಟೆ ಸೇರಿಸಿ ಹನ್ನೊಂದು ಗಂಟೆ ಎಂದು ತಿಳಿಯಬೇಕು. ಬೇಸಿಗೆಯಲ್ಲಿ ಬ್ರಿಟನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅದೇ ಅಂಕಿಗಳಿಗೆ ಹತ್ತು ಗಂಟೆಯ ಅರ್ಥ ಬರುತ್ತದೆ. ಪೂರ್ವಪಶ್ಚಿಮಗಳ ಅಂತರ ಹೆಚ್ಚಿದಷ್ಟೂ ಈ ಕೂಡು–ಕಳೆ ವಿಚಿತ್ರವಾಗಿ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಮೊದಲ ವಿಮಾನ ಅಲ್ಲಿಂದ ಹೊರಡಬೇಕಾಗಿದ್ದದ್ದು ಜನವರಿ 9ರ ರಾತ್ರಿ 8.30ಕ್ಕೆ, ಬೆಂಗಳೂರಿಗೆ ಬರಬೇಕಾಗಿದ್ದದ್ದು 11ರ ನಸುಕಿನ 3.45ಕ್ಕೆ. ಗಡಿಯಾರಗಳ ಪ್ರಕಾರ ನಡುವೆ 31 ಗಂಟೆ 15 ನಿಮಿಷ ಕಳೆದಿವೆ. ಚಳಿಗಾಲದಲ್ಲಿ ಎರಡು ಊರುಗಳ ನಡುವಿರುವ ಹದಿಮೂರೂವರೆ ಗಂಟೆಯನ್ನು ಅದರಿಂದ ಕಳೆದರೆ ಪ್ರಯಾಣಕ್ಕೆ ಗೊತ್ತುಮಾಡಿದ್ದ ಅವಧಿ 17 ಗಂಟೆ 45 ನಿಮಿಷ.